ಎರಡು ಕೋಲಿನ ಬಾವುಟ

ಮಾರ್ಚ್ 3, ಮಂಗಳವಾರ

ಮಾತಿನ ಮೇಡಂ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ದಿನಚರಿ ಬರೆಯುವ ಹುಚ್ಚು ನನಗಿಲ್ಲ. ವಾರಕ್ಕೆರಡು ಸಲ ಆಸ್ಪತ್ರೆಯಿಂದ ಮನೆಗೆ ಬಂದು ಇವರಿಗೆ ಮಾತು ಕಲಿಸುವ ಹುಡುಗಿ ಅವಳು. "ಅಮ್ಮಾ, ದಿನಾ ಅವ್ರು ಯಾವ ಮಾತಾಡಿದ್ರು ಅಂತ ಬರೆದಿಡಿ. ಒಂದಕ್ಷರ ಆದ್ರೂ ಪರವಾಗಿಲ್ಲ" ಅಂದಳು. ಹೊಸ ಪುಸ್ತಕ ಎಲ್ಲಿಂದ ತರಲಿ? ನನ್ನ ಹೊಲಿಗೆ ಅಂಗಡಿಯ ಹಳೆ ಅಳತೆ ಪುಸ್ತಕದಲ್ಲಿ ಹಿಂದಿನ ಹಾಳೆಗಳು ಖಾಲಿ ಇದ್ದವು. ಮುಂದಿನಿಂದ ಊರಿನವರ ಸೊಂಟ, ಭುಜ. ಹಿಂದಿನಿಂದ ನನ್ನ ಗಂಡನ ಮಾತು.

ಇವತ್ತಿನ ಮಾತು: ಇಲ್ಲ.

ಇವರಿಗೆ ಲಕ್ವ ಹೊಡೆದು ಇಪ್ಪತ್ತು ದಿನವಾಯಿತು. ಬಲಗೈ, ಬಲಗಾಲು ಸೋತಿವೆ. ಮಾತು ಪೂರ್ತಿ ಹೋಗಿದೆ. ಮೂವತ್ತು ವರ್ಷ ವ್ಯಾನಿನ ಮೇಲೆ ಮೈಕು ಕಟ್ಟಿಕೊಂಡು ಊರೆಲ್ಲ ಕೂಗಿದ ಮನುಷ್ಯ. ಅಂಗಡಿ ತೆರೆದರೂ ಇವರೇ ಕೂಗಬೇಕು, ಮಗು ಕಳೆದುಹೋದರೂ ಇವರೇ ಕೂಗಬೇಕು. ಊರಿಗೆಲ್ಲ ಇವರು ಮೈಕಣ್ಣ. ಯಾರು ಕರೆದರೂ ಹೋಗುತ್ತಿದ್ದರು, ಚುನಾವಣೆ ಬಂದರೆ ಮಾತ್ರ ಏಣಿ ಪಕ್ಷ ಒಂದಕ್ಕೇ. ಆದರೆ ಮನೆಗೆ ಬಂದರೆ ಬಾಯಿಗೆ ಬೀಗ. "ಊಟ." "ಚಹಾ." "ಬಾಗಿಲು." ಈ ಮೂರು ಮಾತಿನಲ್ಲಿ ನನ್ನ ಸಂಸಾರ ನಡೆದಿದೆ. ಈಗ ಆ ಮೂರೂ ಇಲ್ಲ. ನನಗೆ ದೊಡ್ಡ ವ್ಯತ್ಯಾಸವೇನೂ ಕಾಣುತ್ತಿಲ್ಲ ಅಂದರೆ ಜನ ಕೆಟ್ಟವಳು ಅಂದಾರು. ಪುಸ್ತಕ ಏನೂ ಅನ್ನುವುದಿಲ್ಲ.

ಅಕ್ಕ ಫೋನು ಮಾಡಿದ್ದಳು. ಮಹಡಿ ಮೇಲಿನ ಕೋಣೆಗೆ ಬಣ್ಣ ಹೊಡೆಸಿದಳಂತೆ. ಇವರು ಬೀಳುವುದಕ್ಕೆ ಸರಿಯಾಗಿ ಒಂದು ವಾರ ಮುಂಚೆ ನಾನೂ ಅವಳೂ ಮಾತಾಡಿಕೊಂಡಿದ್ದೆವು: ಈ ಚುನಾವಣೆಯ ಬಾವುಟದ ಕೆಲಸ ಮುಗಿದದ್ದೇ ನಾನು ಮೆಷಿನ್ ಕಟ್ಟಿಕೊಂಡು ಅವಳ ಊರಿಗೆ ಹೋಗಿಬಿಡುವುದು. ಮಕ್ಕಳಿಲ್ಲ, ಮರಿಯಿಲ್ಲ; ಗೋಡೆ ನೋಡಿಕೊಂಡು ಕೂರುವುದಕ್ಕೆ ಎರಡು ಜನ ಯಾಕೆ? ಇವರಿಗೆ ಹೇಳಿರಲಿಲ್ಲ. ಈಗ ಹೇಳುವ ಹಾಗೂ ಇಲ್ಲ.

"ಅವ್ರು ಎದ್ದು ಓಡಾಡೋ ಹಾಗಾಗ್ಲಿ ಅಕ್ಕ. ಒಂದು ತಿಂಗಳು. ಆಮೇಲೆ ಬಂದೇ ಬಿಡ್ತೀನಿ" ಅಂದೆ.

ಮಾರ್ಚ್ 6, ಶುಕ್ರವಾರ

ಇವತ್ತಿನ ಮಾತು: "ಆ." ಅದು ಮಾತೋ ಆಕಳಿಕೆಯೋ ಗೊತ್ತಾಗಲಿಲ್ಲ.

ಬಾವುಟ, ಬಾವುಟ, ಬಾವುಟ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಟ್ಟೆಗೆ ಪಕ್ಷವಿಲ್ಲ, ನನ್ನ ಮೆಷಿನ್ನಿಗೂ ಇಲ್ಲ. ಚಕ್ರದವರದು ಕೆಂಪು, ಏಣಿಯವರದು ನೀಲಿ, ಕೊಡೆಯವರದು ಹಳದಿ, ಗಂಟೆ ಪಕ್ಷದವರದು ಕಂದು. ಗಂಟೆಯವರು ಪಾಪ, ಪ್ರತಿ ಸಲ ಮೂವತ್ತೇ ಬಾವುಟ ಹೇಳುತ್ತಾರೆ, ಅದರಲ್ಲಿ ಹತ್ತು ವಾಪಸು ತರುತ್ತಾರೆ.

ಇವರನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದೆ. ಏಣಿ ಪಕ್ಷದ ಕಾರ್ಯದರ್ಶಿ ನೋಡಲು ಬಂದ. ಮಾತು ಹೋದವರಿಗೆ ಕಿವಿಯೂ ಹೋಗಿರುತ್ತದೆ ಎಂದು ಯಾರು ಹೇಳಿದರೋ, "ಮೈಕಣ್ಣಾ! ಬೇಗ ಹುಷಾರಾಗಿ! ನೀವಿಲ್ದೆ ಪ್ರಚಾರ ಸಪ್ಪೆ ಆಗಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿ ಹೋದ.

ಮಧ್ಯಾಹ್ನ ಇವರು ಎಡಗೈ ಎತ್ತಿ ಗಡಿಯಾರ ತೋರಿಸಿದರು. ಹನ್ನೆರಡೂವರೆ ಅಂದೆ. ಅಲ್ಲವೆಂದು ತಲೆ ಆಡಿಸಿದರು. ಬಾಗಿಲು ತೋರಿಸಿದರು. ಬಾಗಿಲು ಹಾಕಿದೆ. ಅದೂ ಅಲ್ಲ. ಕೊನೆಗೆ ಗೊತ್ತಾಯಿತು, ಬೇಕಿದ್ದದ್ದು ನೀರು. ಮೆದುಳಿನಲ್ಲಿ ಇರುವುದು ಒಂದು, ಬೆರಳು ಹೋಗುವುದು ಇನ್ನೊಂದು ಕಡೆಗೆ. ಮೇಡಂಗೆ ಹೇಳಿದರೆ, "ಶುರುವಲ್ಲಿ ಹಾಗೇ ಅಮ್ಮಾ, ಸರಿಹೋಗುತ್ತೆ. ನೀವು ಮಾತ್ರ ಊಹೆ ಮಾಡಿ ಅವ್ರ ಮಾತು ಮುಗಿಸಬೇಡಿ. ಕಾಯಿರಿ" ಅಂದಳು.

ಕಾಯುತ್ತ ಕೂತರೆ ಇನ್ನೂರು ಬಾವುಟ ಅವಳ ಅಜ್ಜಿ ಬಂದು ಹೊಲಿಯುತ್ತಾಳೆಯೇ?

ಮಾರ್ಚ್ 11, ಬುಧವಾರ

ಇವತ್ತು ಒಂದು ಸಂಗತಿ ಆಯಿತು. ಹತ್ತು ಗಂಟೆಯ ಹೊತ್ತಿಗೆ ಏಣಿ ಪಕ್ಷದ ವ್ಯಾನು ನಮ್ಮ ಬೀದಿಗೆ ಬಂತು. ಅದರಿಂದ ಬಂದ ದನಿ ಕೇಳಿ ನನ್ನ ಕಾಲು ಪೆಡಲ್ಲಿನ ಮೇಲೆ ನಿಂತುಬಿಟ್ಟಿತು. ಇವರದೇ ದನಿ. ಹೋದ ಸಲದ ಪ್ರಚಾರದ ರೆಕಾರ್ಡು ಹಾಕಿಕೊಂಡು ತಿರುಗುತ್ತಿದ್ದಾರೆ! "ತಾಯಂದಿರೇ, ಅಣ್ಣತಮ್ಮಂದಿರೇ, ಮೇಲೇರಲು ಏಣಿ, ಮರೆಯದಿರಿ ಏಣಿ..." ಅಷ್ಟು ತುಂಬಿದ ಗಂಟಲು, ಎಲ್ಲೂ ತಡೆಯಿಲ್ಲ.

ಇವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿಯ ಓರೆಯಾದ ಕಡೆಗೇ ಇಳಿಯುತ್ತಿತ್ತು. ನಾನು ಎದ್ದು ಕಿಟಕಿ ಮುಚ್ಚಿದೆ. ಎಡಗೈಯಿಂದ ಕುರ್ಚಿಯ ತೋಳಿಗೆ ಬಡಿದರು. ಮತ್ತೆ ತೆರೆದೆ. ವ್ಯಾನು ತಿರುವು ದಾಟುವ ತನಕ ಇಬ್ಬರೂ ಕೇಳಿದೆವು. ಪಾಪ ಅನ್ನಿಸಿತು. ಅನ್ನಿಸಿದ್ದನ್ನು ಬರೆಯಬೇಕಲ್ಲ.

ಆದರೆ ಇನ್ನೊಂದನ್ನೂ ಬರೆಯಬೇಕು. ಇದೇ ದನಿ, ಇದೇ ಬೀದಿ, ಇಪ್ಪತ್ತು ವರ್ಷದ ಹಿಂದೆ. ಕೊಡೆಯವರ ಸರ್ಕಾರ ಇದ್ದಾಗ ಮನೆಯಲ್ಲಿ ಕೂತು ದುಡಿಯುವ ಹೆಂಗಸರಿಗೆ ಗುರುತಿನ ಚೀಟಿ ಕೊಟ್ಟರು. ಅದರಲ್ಲಿ ನನ್ನ ಹೆಸರು, ಫೋಟೋ, ಕೆಳಗೆ 'ವೃತ್ತಿ: ಹೊಲಿಗೆ' ಎಂದಿತ್ತು. ಅದಕ್ಕೂ ಮುಂಚೆ ನನ್ನ ಯಾವ ಕಾಗದದಲ್ಲೂ ವೃತ್ತಿ ಇರಲಿಲ್ಲ, ಇಂಥವರ ಹೆಂಡತಿ ಎಂದಷ್ಟೇ. ಆ ಚೀಟಿಯನ್ನು ನಾನು ಎಷ್ಟು ಸಲ ನೋಡಿದೆನೋ. ಮುಂದಿನ ತಿಂಗಳೇ ಚುನಾವಣೆ. ಇವರ ವ್ಯಾನು ನನ್ನ ಅಂಗಡಿ ಮುಂದೆಯೇ ಬಂದು ಕೂಗಿತು: "ಚೀಟಿ ಕೊಟ್ಟು ಮತ ಕೇಳ್ತಾರೆ, ಆ ಚೀಟಿ ಒಲೆ ಹಚ್ಚೋಕೆ ಸರಿ!" ಬೀದಿಯವರೆಲ್ಲ ನಕ್ಕರು. ನಾನು ಚೀಟಿಯನ್ನು ಮೆಷಿನ್ನಿನ ಡ್ರಾಯರಿನಲ್ಲಿ ಸೂಜಿ ಡಬ್ಬಿಯ ಕೆಳಗೆ ಇಟ್ಟೆ. ಅಂದಿನಿಂದ ಇಂದಿನವರೆಗೆ ಪ್ರತಿ ಚುನಾವಣೆಯಲ್ಲಿ ನನ್ನ ಮತ ಕೊಡೆಗೆ. ಇವರಿಗೆ ಗೊತ್ತಿಲ್ಲ. ಆ ಮಾತು ನನಗೆ ಚುಚ್ಚಿದ್ದೂ ಗೊತ್ತಿಲ್ಲ.

ಮಾರ್ಚ್ 15, ಭಾನುವಾರ

ಮತದಾನ ಮುಗಿಸಿ ಬಂದೆವು. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಶಾಲೆಯ ತನಕ ನಾನೇ ತಳ್ಳಿದೆ. ತೋಳು ಬಿದ್ದುಹೋಗಿದೆ.

ಕೈ ಆಡದವರ ಜೊತೆ ಮನೆಯವರೊಬ್ಬರು ಒಳಗೆ ಹೋಗಿ ಅವರು ಹೇಳಿದ ಕಡೆ ಮುದ್ರೆ ಒತ್ತಬಹುದಂತೆ. ಅದಕ್ಕೊಂದು ನಮೂನೆ ತುಂಬಬೇಕು. ಮತದಾರನ ಇಷ್ಟದಂತೆಯೇ ಒತ್ತುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಬೇಕು. ಹಾಕಿದ್ದೇನೆ. ಪುಸ್ತಕಕ್ಕೆ ಹೇಳಿದರೆ ಯಾರಿಗೋ ಹೇಳಿದ ಹಾಗಾಗುವುದಿಲ್ಲ ಅಂದುಕೊಂಡಿದ್ದೇನೆ. ಅಧಿಕಾರಿ ನನ್ನ ಗುರುತಿಗೆ ಏನಾದರೂ ಕೇಳಿದ. ಹೊರಡುವ ಆತುರದಲ್ಲಿ ಡ್ರಾಯರಿನಿಂದ ತಂದಿದ್ದು ಆ ಹಳೆಯ ಚೀಟಿಯೊಂದೇ. ಅವನು ಓದಿ, ನಮೂನೆಯಲ್ಲಿ ಬರೆದುಕೊಳ್ಳುತ್ತ, "ವೃತ್ತಿ, ಹೊಲಿಗೆ" ಎಂದು ಜೋರಾಗಿಯೇ ಅಂದ. ಚೀಟಿ ಮೇಜಿನ ಮೇಲೆಯೇ ಇತ್ತು. ಇವರು ಅದನ್ನೇ ನೋಡುತ್ತಿದ್ದರು. ಒಲೆಗೆ ಹಾಕಿರುತ್ತಾಳೆ ಎಂದುಕೊಂಡಿದ್ದರೋ ಏನೋ.

ಮೊದಲು ನನ್ನದು ಒತ್ತಿದೆ. ಎಂದಿನಂತೆ ಕೊಡೆಗೆ. ಆಮೇಲೆ ಇವರ ಮತಪತ್ರ ಹಿಡಿದು ರಟ್ಟಿನ ಮರೆಗೆ ಹೋದೆವು. ಮೇಲಿಂದ ಚಕ್ರ, ಕೊಡೆ, ಏಣಿ, ಗಂಟೆ. "ರೀ, ತೋರಿಸಿ" ಅಂದೆ. ಇವರ ಬೆರಳು ನಡುಗುತ್ತ ಬಂದು ಕೊಡೆಯ ಮೇಲೆ ಕೂತಿತು.

ಅಯ್ಯೋ, ಒಂದು ಮನೆ ಮೇಲಕ್ಕೆ ಹೋಗಿಬಿಟ್ಟಿತಲ್ಲ! "ಅದಲ್ಲ ರೀ, ಅದು ಕೊಡೆ" ಅಂದೆ ಮೆಲ್ಲಗೆ. ಮತ್ತೆ ಅಲ್ಲಿಗೇ ಇಟ್ಟರು. ಹೊರಗಿನಿಂದ "ಬೇಗ ಅಮ್ಮಾ, ಸಾಲು ಬೆಳೀತಾ ಇದೆ" ಅಂದರು. ನಿಜ ಹೇಳುತ್ತೇನೆ, ಒಂದು ಗಳಿಗೆ ಆಸೆಯಾಯಿತು. ಇವರೇ ಬೆರಳಿಟ್ಟಿದ್ದಾರೆ, ಕೊಡೆಗೇ ಒತ್ತಿಬಿಡು, ಯಾರು ಕೇಳುತ್ತಾರೆ? ಆದರೆ ಮೂವತ್ತು ವರ್ಷ ಏಣಿ ಏಣಿ ಎಂದು ಗಂಟಲು ಹರಿದುಕೊಂಡವರ ಮತವನ್ನು, ಬಾಯಿಲ್ಲದ ಹೊತ್ತಿನಲ್ಲಿ ಕದಿಯುವುದೇ? ನಾನು ಅಂಥವಳಲ್ಲ. ಇವರ ಬೆರಳನ್ನು ಪಕ್ಕಕ್ಕೆ ಸರಿಸಿ ಏಣಿಯ ಮೇಲೆ ಅಚ್ಚುಕಟ್ಟಾಗಿ ಮುದ್ರೆ ಒತ್ತಿದೆ. ಇವರು ಗಂಟಲಿನಲ್ಲಿ ಏನೋ ಸದ್ದು ಮಾಡಿದರು, ಮೇಜಿಗೆ ಕೈ ಬಡಿದರು. ಸಂತೋಷಕ್ಕೇ ಇರಬೇಕು.

ಒಳ್ಳೆಯ ಕೆಲಸ ಮಾಡಿದ್ದೇನೆ. ಇವತ್ತು ಇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಮಾರ್ಚ್ 17, ಮಂಗಳವಾರ

ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ನಿನ್ನೆಯೂ ಹೀಗೇ. ನಾನು ಚಮಚ ಹಿಡಿದರೆ ಬಾಯಿ ಬಿಗಿ. ತಟ್ಟೆ ಇಟ್ಟು ಹೊರಗೆ ಹೋದರೆ ಎಡಗೈಯಲ್ಲಿ ತಾವೇ ಅರ್ಧ ಚೆಲ್ಲಿಕೊಂಡು ತಿನ್ನುತ್ತಾರೆ. ಬಿಸಿಲಿನಲ್ಲಿ ಅಷ್ಟು ದೂರ ಕರೆದುಕೊಂಡು ಹೋದದ್ದೇ ತಪ್ಪಾಯಿತೇನೋ.

ಮಾತು: ಇಲ್ಲ. "ಆ" ಕೂಡ ಇಲ್ಲ.

ಮಾರ್ಚ್ 18, ಬುಧವಾರ

ಎಣಿಕೆ ಮುಗಿಯಿತು. ಸದನದಲ್ಲಿ ಇನ್ನೂರ ನಲವತ್ತು ಸ್ಥಾನ. ಚಕ್ರಕ್ಕೆ ತೊಂಬತ್ತೆಂಟು, ಏಣಿಗೆ ಅರವತ್ತಮೂರು, ಕೊಡೆಗೆ ಐವತ್ತೈದು, ಗಂಟೆಗೆ ಹದಿನಾರು, ಉಳಿದ ಎಂಟು ಜನ ಯಾರಿಗೂ ಸೇರದವರು. ಸರ್ಕಾರ ಮಾಡಲು ನೂರ ಇಪ್ಪತ್ತೊಂದು ಬೇಕು. ಯಾರ ಹತ್ತಿರವೂ ಇಲ್ಲ. ರೇಡಿಯೋದವನಿಗೆ ಅದನ್ನು ಹೇಳಲು ಎಷ್ಟು ಖುಷಿ!

ನಮ್ಮ ಕ್ಷೇತ್ರದಲ್ಲಿ ಚಕ್ರದವನೇ ಗೆದ್ದ. ನನ್ನ ಮತವೂ ನೀರಿಗೆ, ಇವರ ಮತವೂ ನೀರಿಗೆ. ಹೇಳಿದೆ, ತಿರುಗಿ ನೋಡಲಿಲ್ಲ.

ಮಾರ್ಚ್ 23, ಸೋಮವಾರ

ಮಾತಿನ ಮೇಡಂ ಇವತ್ತು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿ ಮಾತಾಡಿದಳು. ಇವರು ಪ್ರಯತ್ನವನ್ನೇ ಬಿಟ್ಟಿದ್ದಾರಂತೆ. ಕನ್ನಡಿ ಹಿಡಿದರೆ ಕಣ್ಣು ಮುಚ್ಚುತ್ತಾರಂತೆ. "ಮೊದಲ ಮೂರು ತಿಂಗಳೇ ಮುಖ್ಯ ಅಮ್ಮಾ. ಬರೋ ಮಾತು ಹೆಚ್ಚಾಗಿ ಆಗ್ಲೇ ಬರುತ್ತೆ. ಈಗ ಬಿಟ್ರೆ ಹೀಗೇ ಉಳಿದುಬಿಡಬಹುದು. ಮನಸ್ಸಿಗೆ ಏನೋ ನೋವಾಗಿದೆ ಅವ್ರಿಗೆ. ಏನಾಯ್ತು?"

"ಏನೂ ಆಗಿಲ್ಲ. ಅವ್ರ ಪಕ್ಷ ಸೋತಿದೆ, ಅಷ್ಟೇ" ಅಂದೆ.

ಅವಳು ಹೋದ ಮೇಲೆ ಮೊದಲ ದಿನ ಬರೆದ ಹಾಳೆ ತೆಗೆದೆ. ಹೀಗೇ ಉಳಿದುಬಿಡಬಹುದು. ಮೂವತ್ತು ವರ್ಷ ಬರೀ "ಊಟ", "ಚಹಾ" ಎಂದವರು ಇನ್ನು ಅದನ್ನೂ ಅನ್ನುವುದಿಲ್ಲ. ನನಗೆ ವ್ಯತ್ಯಾಸವಿಲ್ಲ ಎಂದು ಈ ಪುಸ್ತಕದಲ್ಲೇ ಬರೆದಿದ್ದೇನೆ. ಇವತ್ತು ಆ ಸಾಲನ್ನು ಹೊಡೆದುಹಾಕಿದೆ. ಯಾಕೋ ತಿಳಿಯದು.

ಸಂಜೆ ಪತ್ರಿಕೆ ಹಿಡಿದು ಇವರ ಮಂಚದ ಪಕ್ಕ ಕೂತೆ. "ರೀ, ಗೋಡೇನೇ ನೋಡಿ, ಪರವಾಗಿಲ್ಲ. ನಾನು ಓದ್ತೀನಿ. ಕಿವಿಯಂತೂ ಚೆನ್ನಾಗಿದೆಯಲ್ಲ" ಅಂದೆ. ಚಕ್ರದವರು ಯಾರಿಗೂ ಸೇರದ ಆ ಎಂಟು ಜನರನ್ನು ಎಲ್ಲೋ ಹೋಟೆಲಿನಲ್ಲಿ ಕೂರಿಸಿ ಉಪಚಾರ ಮಾಡುತ್ತಿದ್ದಾರೆ ಎಂಬಲ್ಲಿಂದ ಹವಾಮಾನದ ತನಕ ಓದಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮಾರ್ಚ್ 28, ಶನಿವಾರ

ಐದು ದಿನದಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತು ಓದುತ್ತಿದ್ದೇನೆ. ಬರೀ ಓದುವುದಲ್ಲ, ನಡುನಡುವೆ ನನ್ನ ಟೀಕೆಯೂ ಉಂಟು. ಚಕ್ರದವರಿಗೆ ಯಾರೂ ಸಿಗಲಿಲ್ಲ. ಅವರ ಜೊತೆ ಹೋದವರನ್ನು ಅವರು ನುಂಗಿ ನೀರು ಕುಡಿಯುತ್ತಾರೆ ಎಂಬ ಭಯವಂತೆ. ಈಗ ಏಣಿಯವರೂ ಕೊಡೆಯವರೂ ಮಾತುಕತೆಗೆ ಕೂತಿದ್ದಾರೆ! ಮೂವತ್ತು ವರ್ಷದ ಹಾವು ಮುಂಗುಸಿ. ಮೊದಲ ದಿನ ಪೂರ್ತಿ ಮೇಜು ಉದ್ದದ್ದೋ ದುಂಡಗಿನದೋ ಎಂದು ಜಗಳವಾಡಿದರಂತೆ. ಎರಡನೇ ದಿನ ದುಂಡು ಮೇಜು ಬಂತು, ಬಾಗಿಲಿನೊಳಗೆ ಹೋಗಲಿಲ್ಲ.

ಇದನ್ನು ಓದಿದಾಗ ಮಂಚ ಅಲುಗಿತು. ಬಗ್ಗಿ ನೋಡಿದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ನಗುತ್ತಿದ್ದರು. ನಾನು ನೋಡಿದ್ದು ಗೊತ್ತಾಗಿ ನಿಲ್ಲಿಸಿಬಿಟ್ಟರು. ಕಳ್ಳ.

ರಾತ್ರಿಯ ಗಂಜಿಯನ್ನು ನನ್ನ ಕೈಯಿಂದಲೇ ಕುಡಿದರು.

ಅಕ್ಕ ಫೋನು ಮಾಡಿದ್ದಳು, ಕೋಣೆಗೆ ಪರದೆ ಯಾವ ಬಣ್ಣದ್ದು ಹಾಕಲಿ ಎಂದು ಕೇಳಲು. ಮೇಜಿನ ಕಥೆ ಅವಳಿಗೂ ಹೇಳಿದೆ. ಪರದೆಯ ಮಾತು ಹಾಗೇ ಉಳಿಯಿತು.

ಏಪ್ರಿಲ್ 1, ಬುಧವಾರ

ಇವತ್ತು ನನ್ನ ಅಂಗಡಿಯೇ ಸಂಸತ್ತಾಯಿತು.

ಏಣಿ, ಕೊಡೆ ಒಂದಾಗಿವೆ. ಆದರೂ ಕೂಡಿಸಿದರೆ ನೂರ ಹದಿನೆಂಟು, ಇನ್ನೂ ಮೂರು ಕಡಿಮೆ. ಗಂಟೆಯವರು ಬರಬೇಕು. ಹೋದ ಸಲ ಯಾರೂ ಕಣ್ಣೆತ್ತಿ ನೋಡದ ಗಂಟೆಯವರ ಮನೆ ಮುಂದೆ ಈಗ ಕಾರಿನ ಸಾಲಂತೆ. ಅವರು ಬಂದೇ ಬರುತ್ತಾರೆ ಎಂಬ ಧೈರ್ಯದ ಮೇಲೆ ಪ್ರಮಾಣವಚನದ ದಿನ ಊರಿನಲ್ಲಿ ಮೆರವಣಿಗೆ ಎಂದು ತೀರ್ಮಾನವಾಗಿದೆ. ಏಣಿಯ ಕಾರ್ಯದರ್ಶಿಯೂ ಕೊಡೆ ಪಕ್ಷದ ಮೇಷ್ಟ್ರೂ ಒಟ್ಟಿಗೇ ಬಂದರು. ಒಟ್ಟಿಗೆ ಅಂದರೆ ಬೀದಿಯ ಆಚೆ ಬದಿಯಲ್ಲಿ ಒಬ್ಬರು, ಈಚೆ ಬದಿಯಲ್ಲಿ ಒಬ್ಬರು.

ಒಂದೇ ಬಾವುಟದಲ್ಲಿ ಅರ್ಧ ನೀಲಿ, ಅರ್ಧ ಹಳದಿ ಬೇಕಂತೆ. ನೂರೈವತ್ತು. ಗುರುತು ಬೇಡ, ಬಣ್ಣ ಸಾಕು. ಮೇಲೆ ಕೆಳಗೆ ಮಾಡಿದರೆ ಮೇಲೆ ಯಾರು ಎಂಬ ಪ್ರಶ್ನೆ ಬರುತ್ತದೆ, ಆದ್ದರಿಂದ ಅಕ್ಕಪಕ್ಕ. ಅಲ್ಲಿಯವರೆಗೆ ಸರಿಯಾಗಿತ್ತು. ಕೋಲು ಯಾವ ಕಡೆ ಎಂದು ನಾನು ಕೇಳಿದ್ದೇ ತಪ್ಪು.

"ನೀಲಿ ಕಡೆ. ಅರವತ್ತಮೂರು ನಮ್ದು" ಎಂದ ಕಾರ್ಯದರ್ಶಿ.

"ಐವತ್ತೈದು ಇಲ್ದಿದ್ರೆ ನಿಮ್ಮ ಅರವತ್ತಮೂರು ಇಟ್ಕೊಂಡು ಏನ್ ಮಾಡ್ತಿದ್ರಿ? ಕೋಲಿಗೆ ಹಳದೀನೇ ಇರ್ಬೇಕು" ಎಂದರು ಮೇಷ್ಟ್ರು.

"ಹಾಗಾದ್ರೆ ನಿಮ್ಮದು ಗಾಳಿಗೆ ಚೆನ್ನಾಗಿ ಹಾರುತ್ತಲ್ಲ ಮೇಷ್ಟ್ರೇ, ಹಾರಲಿ ಬಿಡಿ!"

"ಹಾರೋದು ನಿಮ್ಮ ಕೆಲಸ. ನಾವು ಕೋಲಿಗೆ ಅಂಟ್ಕೊಂಡು ನಿಲ್ಲೋರು."

ಒಂದು ಗಂಟೆ. ಕೊನೆಗೆ ನಾನೇ ಗದರಿದೆ: "ಎರಡು ದಿನ ಟೈಮ್ ಕೊಡ್ತೀನಿ, ಹೊರಗೆ ಹೋಗಿ ತೀರ್ಮಾನ ಮಾಡ್ಕೊಂಡು ಬನ್ನಿ. ಒಳಗೆ ಹುಷಾರಿಲ್ಲದವ್ರು ಇದ್ದಾರೆ."

ಹುಷಾರಿಲ್ಲದವರು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಬಾಯಿ ತೆರೆದು ಕೇಳುತ್ತಿದ್ದರು. ಅಷ್ಟು ದಿನದ ಮೇಲೆ ಆ ಕಣ್ಣಿನಲ್ಲಿ ಬೆಳಕು ಕಂಡೆ.

ಏಪ್ರಿಲ್ 3, ಶುಕ್ರವಾರ

ಮಾದರಿಗೆ ಒಂದು ಹೊಲಿದು ನೋಡಿದೆ. ನೀಲಿ ನೈಲಾನು, ಹಳದಿ ಹತ್ತಿ. ನೀರು ತಾಕಿದರೆ ಹತ್ತಿ ಕುಗ್ಗುತ್ತದೆ, ನೈಲಾನು ಜಪ್ಪಯ್ಯ ಅಂದರೂ ಕುಗ್ಗುವುದಿಲ್ಲ. ಒಂದೇ ಅಳತೆ ಎಂದು ನಂಬಿ ಜೋಡಿಸಿದರೆ ಮೊದಲ ಮಳೆಗೇ ಹೊಲಿಗೆಯ ಉದ್ದಕ್ಕೂ ಸುಕ್ಕು. ಆದ್ದರಿಂದ ಹಳದಿಯನ್ನೆಲ್ಲ ಬಕೆಟ್ಟಿನಲ್ಲಿ ನೆನೆಸಿ, ಕುಗ್ಗುವಷ್ಟು ಕುಗ್ಗಿಸಿ, ಒಣಗಿಸಿ, ಆಮೇಲೆ ಕತ್ತರಿಸಿದೆ. ಇದನ್ನು ಇವರಿಗೆ ವಿವರಿಸಿ ಹೇಳುತ್ತಲೇ ಕೆಲಸ ಮಾಡಿದೆ. ಈಗೀಗ ಹೇಳದೆ ಕೆಲಸ ಮಾಡಿದರೆ ಕೈ ಓಡುವುದಿಲ್ಲ. ಇವರು ಎಡಗೈಯಿಂದ ಬಟ್ಟೆಯ ತುದಿ ಹಿಡಿದುಕೊಂಡರು. ನಾನು ಎಳೆದಾಗ ಬಿಡುತ್ತಾರೆ, ನಿಂತಾಗ ಬಿಗಿ ಹಿಡಿಯುತ್ತಾರೆ. ಒಳ್ಳೆಯ ಕೈ.

ಕೋಲಿನ ಜಗಳ ಮಾತ್ರ ಮುಗಿದಿರಲಿಲ್ಲ. ಇಬ್ಬರೂ ಮತ್ತೆ ಬಂದು ಮತ್ತೆ ಅದೇ ರಾಗ ಎಳೆದರು. ಆಗ ಇವರು ಮೇಜಿಗೆ ಬಡಿದರು. ಎಲ್ಲರೂ ತಿರುಗಿ ನೋಡಿದೆವು. ಇವರು ನನ್ನ ಅಳತೆಯ ಕೋಲು ತೆಗೆದುಕೊಂಡು, ನೀಲಿಯ ತುದಿಯಲ್ಲಿ ನಾನು ಮಡಚಿ ಹೊಲಿದಿದ್ದ ಕೊಳವೆಯೊಳಗೆ ತೂರಿಸಿದರು. ಒಂದೇ ಕೈಯಲ್ಲಿ, ಮೊಣಕಾಲಿನ ನಡುವೆ ಬಟ್ಟೆ ಸಿಕ್ಕಿಸಿಕೊಂಡು. ಎತ್ತಿ ತೋರಿಸಿದರು. ಕಾರ್ಯದರ್ಶಿ ಗೆದ್ದೆನೆಂದು ಬೀಗಿದ. ಇವರು ಕೋಲು ಎಳೆದು ತೆಗೆದರು. ಹಳದಿಯ ತುದಿಯನ್ನು ಅದೇ ರೀತಿ ಮಡಚಿ, ನನ್ನನ್ನು ನೋಡಿ, ಹೊಲಿಗೆಯ ಗೆರೆ ಬೀಳಬೇಕಾದಲ್ಲಿ ಬೆರಳೆಳೆದರು. ಆಮೇಲೆ ಆ ಮಡಿಕೆಯೊಳಗೆ ಕೋಲು ತೂರಿಸಿ ಎತ್ತಿದರು.

ಎರಡೂ ತುದಿಗೆ ಕೊಳವೆ! ಏಣಿಯವನು ಹಿಡಿದರೆ ಕೋಲಿಗೆ ನೀಲಿ, ಕೊಡೆಯವನು ಹಿಡಿದರೆ ಕೋಲಿಗೆ ಹಳದಿ. ಬಾವುಟ ಒಂದೇ.

"ಮೈಕಣ್ಣಾ!" ಎಂದರು ಮೇಷ್ಟ್ರು. ಇವರ ಎಡಗೈ ಹಿಡಿದುಕೊಂಡರು. ಮೂವತ್ತು ವರ್ಷ ಇವರ ಮೈಕಿನಿಂದ ಬೈಸಿಕೊಂಡವರು.

ಹೆಮ್ಮೆಯಾಯಿತು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿತು. ಇಡೀ ಸಂಜೆ ಇವರ ಎಡಗೈಯನ್ನೇ ನೋಡಿದೆ. ಕೊಳವೆ ಎಲ್ಲಿ, ಮಡಿಕೆ ಎಲ್ಲಿ, ಗೆರೆ ಎಲ್ಲಿ. ಒಂದು ಕೂದಲೆಳೆಯೂ ತಪ್ಪಿಲ್ಲ. ಈಗ ನೀರು ಬೇಕಾದರೆ ನೀರನ್ನೇ ತೋರಿಸುತ್ತಾರೆ.

ಎಂದಿನಿಂದ ತೋರಿಸುತ್ತಿದ್ದಾರೆ? ಪುಸ್ತಕದ ಹಾಳೆ ತಿರುವಿದೆ. ನಾನು ಬರೆದೇ ಇಲ್ಲ. ನೀರು ಕೇಳಲು ಗಡಿಯಾರ ತೋರಿಸಿದ್ದು ಆರನೇ ತಾರೀಖು. ಮತ ಹಾಕಿದ್ದು ಹದಿನೈದಕ್ಕೆ. ನಡುವೆ ಒಂಬತ್ತು ದಿನ ನಾನು ಬಾವುಟ ಹೊಲಿಯುತ್ತಿದ್ದೆ, ಬೆರಳು ನೋಡಲಿಲ್ಲ.

ಅವತ್ತು ಎರಡು ಸಲ ಇಟ್ಟರು. ಎರಡೂ ಸಲ ಕೊಡೆಗೇ. ಅದು ತಪ್ಪಿದ ಬೆರಳು ಎಂದು ನನಗೆ ಹೇಳಿದವರು ಯಾರು?

ಏಪ್ರಿಲ್ 4, ಶನಿವಾರ

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಕತ್ತರಿಸುವ ಮೇಜಿನ ಮೇಲೆ ನಾಲ್ಕು ತುಂಡು ಬಟ್ಟೆ ಇಟ್ಟೆ: ಕೆಂಪು, ಹಳದಿ, ನೀಲಿ, ಕಂದು. ಇವರ ಕುರ್ಚಿ ಹತ್ತಿರಕ್ಕೆ ಎಳೆದೆ.

"ರೀ, ಅವತ್ತು ಮತಗಟ್ಟೇಲಿ ನೀವು ಯಾವುದಕ್ಕೆ ಒತ್ತು ಅಂದ್ರಿ?"

ಕಾಯ್ದೆ. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. ಏಳಲಿಲ್ಲ. ಇವರು ನನ್ನ ಮುಖ ನೋಡಿದರು, ಬಟ್ಟೆ ನೋಡಿದರು. ಬೆರಳು ಹಳದಿಯ ಮೇಲೆ ಬಂದು ಕೂತಿತು.

ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯುವುದು ನನ್ನ ಅಭ್ಯಾಸ. ತುಂಡುಗಳ ಜಾಗ ಬದಲಿಸಿದೆ. ಮತ್ತೆ ಹಳದಿ. ಇನ್ನೊಮ್ಮೆ ಬದಲಿಸಲು ಹೋದೆ, ಇವರು ನನ್ನ ಕೈ ತಡೆದರು. ಮೆಷಿನ್ನಿನ ಡ್ರಾಯರು ಎಳೆದರು. ಸೂಜಿ ಡಬ್ಬಿ ಪಕ್ಕಕ್ಕಿಟ್ಟರು, ಅದರ ಕೆಳಗಿನಿಂದ ನನ್ನ ಚೀಟಿ ತೆಗೆದರು. ಎಲ್ಲಿದೆಯೆಂದು ಹುಡುಕಲಿಲ್ಲ, ನೇರವಾಗಿ ಕೈ ಹೋಯಿತು. ಎಷ್ಟು ವರ್ಷದಿಂದ ಗೊತ್ತಿತ್ತು ಇವರಿಗೆ? ಹಳದಿ ಬಟ್ಟೆಯ ಮೇಲೆ ಅದನ್ನಿಟ್ಟು, 'ಹೊಲಿಗೆ' ಎಂದಿರುವ ಕಡೆ ಬೆರಳಿಟ್ಟರು. ತುಟಿ ಬಹಳ ಹೊತ್ತು ಒದ್ದಾಡಿತು. ನಾನು ಆ ಮಾತನ್ನು ಮುಗಿಸಲಿಲ್ಲ. ಆಣೆಗೂ ಮುಗಿಸಲಿಲ್ಲ.

"ನಿ... ನಿಂದು."

ಆಮೇಲೆ ಎಡಗೈಯನ್ನು ಬಾಯಿಯ ಮುಂದೆ ಮೈಕು ಹಿಡಿದ ಹಾಗೆ ಹಿಡಿದರು. ಆ ಕೈಯನ್ನು ಹಾಗೇ ಕೆಳಗಿಳಿಸಿ ತಮ್ಮ ಕೆನ್ನೆಗೆ ಒಂದು ಏಟು ಹಾಕಿಕೊಂಡರು.

ಅಷ್ಟೇ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಇಪ್ಪತ್ತು ವರ್ಷ ಕಾಯ್ದ ಮಾತು, ಒಂದು ಕಾಗದದ ಮೇಲೆ ಬೆರಳಾಗಿ ಬಂದಾಗ ನಾನೇ ಅದನ್ನು ಪಕ್ಕಕ್ಕೆ ಸರಿಸಿ ಏಣಿಯ ಮೇಲೆ ಮುದ್ರೆ ಒತ್ತಿದ್ದೆ. ಬದುಕಿನಲ್ಲಿ ಒಂದೇ ಸಲ ಇವರು ನನ್ನ ಕಡೆ ಮತ ಹಾಕಲು ಬಂದಿದ್ದರು.

"ನಾನು ಏಣಿಗೆ ಒತ್ತಿಬಿಟ್ಟೆನಲ್ಲ ರೀ. ನಿಮ್ಮ ಮತ ಕದಿಯಬಾರ್ದು ಅಂತ... ನಿಮಗೋಸ್ಕರ ಒತ್ತಿದೆ ರೀ" ಅಂದೆ.

ಇವರು ನನ್ನನ್ನೇ ನೋಡುತ್ತಿದ್ದರು. ಅಷ್ಟು ದಿನ ಗೋಡೆ ನೋಡಿಕೊಂಡು, ಇವಳು ಬೇಕೆಂದೇ ನನ್ನ ಮಾತು ತಳ್ಳಿದಳು ಎಂದುಕೊಂಡಿರಬೇಕು. ಈಗ ಹೊಳೆಯಿತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ಓರೆ ಬಾಯಿಯಲ್ಲಿ ಹೋ ಹೋ ಎಂದು ನಕ್ಕರು. ಅಳುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ. ಹಾಲಿನ ಪಾತ್ರೆ ತಳ ಹಿಡಿದು ಕಪ್ಪಾಗಿದೆ. ನಾಳೆ ಉಜ್ಜಿದರಾಯಿತು.

ಏಪ್ರಿಲ್ 5, ಭಾನುವಾರ

ಗಂಟೆಯವರು ಒಪ್ಪಿದರಂತೆ. ಬಾವುಟದ ಅಂಚಿಗೆ ಕಂದು ಪಟ್ಟಿ ಬೇಕು ಎಂದು ಹೇಳಿ ಕಳಿಸಿದ್ದಾರೆ. ನೂರೈವತ್ತು ಬಾವುಟಕ್ಕೆ ಸುತ್ತ ಪಟ್ಟಿ! ಇವರು ಅಳತೆ ಹಿಡಿದರು, ನಾನು ಕತ್ತರಿಸಿದೆ.

ಮೇಡಂಗೆ ತೋರಿಸಲೆಂದು ಪುಸ್ತಕ ತೆಗೆದರೆ, ಎಷ್ಟೋ ದಿನದಿಂದ ಮಾತಿನ ಲೆಕ್ಕವನ್ನೇ ಬರೆದಿಲ್ಲ. ನಿನ್ನೆಯದನ್ನು ಇವತ್ತು ಬರೆಯುತ್ತೇನೆ: ನಿಂದು.

ಏಪ್ರಿಲ್ 9, ಗುರುವಾರ

ಬೆಳಿಗ್ಗೆ ಪ್ರಮಾಣವಚನ. ಇವರು ರೇಡಿಯೋ ಪಕ್ಕ, ನಾನು ಮೆಷಿನ್ನಿನ ಪಕ್ಕ. ಪ್ರಧಾನಿ ಏಣಿಯವರು, ಉಪಪ್ರಧಾನಿ ಕೊಡೆಯವರು, ಗಂಟೆಯವರಿಗೆ ರೈಲು ಮತ್ತು ಅಂಚೆ. ಆಮೇಲೆ ಬೀದಿಯಲ್ಲಿ ಮೆರವಣಿಗೆ ಬಂತು. ಕೆಲವು ಬಾವುಟಗಳಲ್ಲಿ ಕೋಲಿಗೆ ನೀಲಿ, ಕೆಲವದರಲ್ಲಿ ಹಳದಿ. ದೂರದಿಂದ ನೋಡಿದರೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ ಹಾಗೆ ಕಾಣುತ್ತಿತ್ತು, ಆದರೂ ಒಂದೇ ಕಡೆಗೆ ಹೋಗುತ್ತಿದ್ದರು. ಒಂದು ಬಾವುಟದಲ್ಲೂ ಸುಕ್ಕು ಇರಲಿಲ್ಲ. ಕಾರ್ಯದರ್ಶಿ ನಮ್ಮ ಕಿಟಕಿಯ ಮುಂದೆ ನಿಂತು ಕೈ ಮುಗಿದ. ಈ ಸಲ ಕಿರುಚಲಿಲ್ಲ.

ಅಕ್ಕನ ಫೋನು. "ಅವ್ರು ಕೋಲು ಹಿಡ್ಕೊಂಡು ಬಾಗಿಲ ತನಕ ನಡೀತಾರೆ ಅಂದೆಯಲ್ಲ. ಒಳ್ಳೇದಾಯ್ತು. ಹಾಗಾದ್ರೆ ಕೋಣೆಗೆ ಮಂಚ ತರಿಸಿಬಿಡ್ಲಾ?"

"ಯಾಕೆ, ಯಾರು ಬರ್ತಿದ್ದಾರೆ?" ಅಂದೆ.

ಅಕ್ಕ ನಗಲು ಶುರುಮಾಡಿದಳು. ಎಷ್ಟು ಕೇಳಿದರೂ ಯಾಕೆಂದು ಹೇಳಲಿಲ್ಲ. "ಇರ್ಲಿ ಬಿಡೇ, ಮೆಣಸಿನಕಾಯಿ ಒಣಗಿಸ್ತೀನಿ ಅಲ್ಲಿ" ಎಂದು ಫೋನಿಟ್ಟಳು. ಅವಳಿಗೂ ವಯಸ್ಸಾಯಿತು.

ಸಂಜೆ ಚಹಾ ಕುಡಿಯುವಾಗ ರೇಡಿಯೋದವನು ಈ ಸರ್ಕಾರ ವರ್ಷ ತುಂಬುವುದು ಕಷ್ಟ, ಮತ್ತೆ ಚುನಾವಣೆ ಬಂದರೂ ಬಂತು ಅಂದ. ನನಗೆ ಒಳ್ಳೆಯದೇ ಆಯಿತು ಅನ್ನಿಸಿತು.

"ಕೇಳಿದ್ರಾ? ಮುಂದಿನ ಸಲ ನಾನು ಊಹೆ ಮಾಡಲ್ಲ ರೀ. ನೀವು ಬೆರಳಿಟ್ಟ ಕಡೆಗೇ ಒತ್ತುತ್ತೀನಿ. ಕೊಡೆಗೆ ತಾನೆ?"

ಇವರು ಲೋಟ ಕೆಳಗಿಟ್ಟರು. ಇವಳಿಗೆ ತಲೆ ಸರಿಯಿದೆಯೇ ಎನ್ನುವ ಹಾಗೆ ನನ್ನನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ನಾನು ಕಾಯ್ದೆ. ನನ್ನ ಚಹಾದ ಮೇಲೆ ಕೆನೆ ಕಟ್ಟಿತು. ಬೀದಿಯಲ್ಲಿ ಕೊನೆಯ ಬಾವುಟವೂ ತಿರುವು ದಾಟಿತು. ಕುತ್ತಿಗೆಯ ನರ ಉಬ್ಬಿಸಿಕೊಂಡು, ವ್ಯಾನಿನ ಮೇಲೆ ನಿಂತವರ ಹಾಗೆ ಎದೆಯೆತ್ತಿ ಹೇಳಿದರು. ಪಕ್ಕದ ಮನೆಗೂ ಕೇಳಿಸಿರಬೇಕು.

ಇವತ್ತಿನ ಮಾತು: ಏಣಿ.